ಆಷಾಢ ಮುಗಿದ ಮರುದಿನ

2006ರ ಜುಲೈ 26, ಬುಧವಾರ ಬೆಳಗ್ಗೆ ಹತ್ತೂವರೆಗೆ, ಹೊಸೂರಿನಿಂದ ಬಾಗಲೂರಿಗೆ ಹೋಗುವ ರಸ್ತೆಯ ಪಕ್ಕದ ಒಂದು ಹೊಸ ಬಡಾವಣೆಯಲ್ಲಿ, ನಮ್ಮ ಸಾಮಾನು ತುಂಬಿದ್ದ ಲಾರಿಯನ್ನು ಮನೆ ಮಾಲೀಕರ ತಾಯಿ ಗೇಟಿನ ಹೊರಗೇ ನಿಲ್ಲಿಸಿದರು. ಮನೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ಲಾರಿಯ ಮುಂದಿನ ಸೀಟಿನಲ್ಲಿ ನನ್ನ ಮಗಳು ಹೊಸ ಶಾಲಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳಿಗೆ ಆಗ ಆರು ವರ್ಷ ಎಂಟು ತಿಂಗಳು. ಜೂನ್ ಒಂದರಿಂದ ಅವಳ ಹೆಸರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಬರೆಸಲು ನಮಗೆ ಉಳಿದಿದ್ದದ್ದು ಐದು ದಿನ.

ಈ ಊರಿಗೆ ನಾವು ಬಂದದ್ದು ಗಂಡನ ಕೆಲಸದಿಂದ. ಆ ವರ್ಷದ ಫೆಬ್ರುವರಿಯಲ್ಲಿ ಅವರನ್ನು ತುಮಕೂರಿನಿಂದ ಹೊಸೂರಿನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಕಳಿಸಿದರು. ಅವರು ಬಸ್ ನಿಲ್ದಾಣದ ಹತ್ತಿರ ಮೂವರು ಸಹೋದ್ಯೋಗಿಗಳ ಜೊತೆ ಒಂದು ಕೋಣೆಯಲ್ಲಿದ್ದರು. ನಾನು, ಮಗಳು, ಅತ್ತೆ ತುಮಕೂರಿನಲ್ಲಿದ್ದೆವು. ನಾನು ಅಲ್ಲಿನ ದಿನಪತ್ರಿಕೆಯೊಂದರಲ್ಲಿ ಏಳು ವರ್ಷ ಉಪಸಂಪಾದಕಿಯಾಗಿದ್ದೆ. ಯಾವ ಸಂಗತಿಯನ್ನೂ ಇಬ್ಬರ ಬಾಯಿಂದ ಕೇಳದೆ ಪುಟಕ್ಕೆ ಬಿಡಬಾರದು ಎನ್ನುವುದು ಅಲ್ಲಿಯ ನಿಯಮ. ಮನೆ ಹುಡುಕುವಾಗಲೂ ಅದನ್ನೇ ಪಾಲಿಸಿದೆ.

ಏಪ್ರಿಲ್‌ನಲ್ಲಿ ನಾಲ್ಕು ದಿನ ರಜೆ ಹಾಕಿ ಹೊಸೂರಿಗೆ ಬಂದೆ. ಮೊದಲು ಶಾಲೆ, ಆಮೇಲೆ ಮನೆ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಶಾಲೆಯವರು ಹೇಳುವುದನ್ನು ಕೇಳುವ ಮೊದಲು ಬಿಡುವ ಹೊತ್ತಿಗೆ ಗೇಟಿನ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಮಕ್ಕಳು ಹೊರಗೆ ಬರುವಾಗ ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ, ಎಷ್ಟು ಮಕ್ಕಳು ಗೇಟು ದಾಟಿದೊಡನೆ ಮರದ ಹಿಂದೆ ಓಡುತ್ತಾರೆ ಎಂದು ನೋಡುತ್ತಿದ್ದೆ. ಮರದ ಹಿಂದೆ ಓಡುವ ಮಕ್ಕಳು ಹೆಚ್ಚಿದ್ದರೆ ಆ ಶಾಲೆಯ ಶೌಚಾಲಯ ನೋಡುವ ಅಗತ್ಯವಿರಲಿಲ್ಲ.

ಊರೊಳಗಿನ ಮನೆಗಳು ಹೆದ್ದಾರಿಗೆ ಹತ್ತಿರ, ಲಾರಿ ಶಬ್ದ ನಿಲ್ಲುತ್ತಿರಲಿಲ್ಲ. ಗಡಿಯ ಆಚೆ, ಕರ್ನಾಟಕದ ಅತ್ತಿಬೆಲೆಯಲ್ಲಿದ್ದರೆ ಮಗಳ ಪಾಠ ಬದಲಾಗುತ್ತಿರಲಿಲ್ಲ. ಆದರೆ ಬೆಳಗಿನ ಪಾಳಿಗೆ ಚೆಕ್‌ಪೋಸ್ಟಿನ ಸಾಲು ದಾಟಿ ಹೋಗುವುದು ಅಸಾಧ್ಯವೆಂದು ಗಂಡ ಒಂದು ವಾರ ಹೋಗಿಬಂದು ಹೇಳಿದರು. ಬಾಗಲೂರಿನಲ್ಲಿ ಅಂಗಡಿ, ಬಸ್ಸು, ಹೊಲ ಎಲ್ಲ ಕಡೆ ಕನ್ನಡವೇ ಕೇಳಿಸುತ್ತಿತ್ತು. ಅಲ್ಲಿಯ ಕನ್ನಡ ಶಾಲೆಯ ಮೇಷ್ಟ್ರೊಬ್ಬರು ನನ್ನನ್ನು ಕೂರಿಸಿ, ನೀರು ಕೊಟ್ಟು, ಸತ್ಯ ಹೇಳಿದರು.

"ಪಾಠ ನಾವ್ ಚೆನ್ನಾಗೇ ಮಾಡ್ತೀವಿ ತಾಯಿ. ಹತ್ತನೇ ಕ್ಲಾಸ್ ಆದ್ಮೇಲೆ ಮಗು ಎಲ್ಲಿಗೋಗ್ಬೇಕು ಅಂತ ಕೇಳುದ್ರೆ ಮಾತ್ರ ನಂತಾವ ಉತ್ರ ಇಲ್ಲ."

ನಾಲ್ಕನೆಯ ದಿನ ಕಂಡದ್ದು ಈ ಬಡಾವಣೆ. ಅರ್ಧ ಕಟ್ಟಿದ ಮನೆಗಳು, ಒಂದು ಕೊಳವೆಬಾವಿ, ಕಾರ್ಖಾನೆಗಳ ಪಾಳಿಗೆ ಹೋಗುವ ಕನ್ನಡ, ತಮಿಳು, ತೆಲುಗು ಕುಟುಂಬಗಳು. ಕೊನೆಯ ತಿರುವಿನಲ್ಲಿ ಒಂದು ಚಿಕ್ಕ ಇಂಗ್ಲಿಷ್ ಮಾಧ್ಯಮ ಶಾಲೆ. ಅಲ್ಲಿ ಯಾವ ಮಗುವೂ ಮರದ ಹಿಂದೆ ಓಡಲಿಲ್ಲ. ಎರಡನೇ ತರಗತಿಯ ಟೀಚರ್ ಕನ್ನಡದವರು. ಮುಖ್ಯೋಪಾಧ್ಯಾಯಿನಿ ತಮಿಳರು, ಬೆಂಗಳೂರಿನಲ್ಲಿ ಬೆಳೆದವರು. ಶಾಲೆಗೆ ವ್ಯಾನ್ ಇರಲಿಲ್ಲ. ನಡೆದು ಬರುವಷ್ಟು ಹತ್ತಿರದ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಮೇ ತಿಂಗಳಲ್ಲಿ ಮಗಳಿಗೆ ಪರೀಕ್ಷೆ ಮಾಡಿದರು. ತಮಿಳಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಅವಳು ತನ್ನ ಚಪ್ಪಲಿ ನೋಡಿಕೊಂಡು ನಿಂತಳು. ಕನ್ನಡ ಟೀಚರ್ ಕೇಳಿದಾಗ ಎಲ್ಲಕ್ಕೂ ಉತ್ತರ ಹೇಳಿದಳು. ಎರಡನೇ ತರಗತಿಯಲ್ಲಿ ಉಳಿದಿದ್ದ ಒಂದೇ ಸೀಟು ಅವಳಿಗೆ ಎಂದಾಯಿತು. ಶಾಲೆಯಿಂದ ಆರು ಮನೆ ಆಚೆ ಬಾಡಿಗೆ ಮನೆಯೂ ಸಿಕ್ಕಿತು. ಜೂನ್ ಹತ್ತಕ್ಕೆ ಸಿದ್ಧವಾಗುತ್ತದೆ ಎಂದು ಮಾಲೀಕರು ಹೇಳಿದರು.

ತುಮಕೂರಿನ ಶಾಲೆಯಿಂದ ಟೀಸಿ ತೆಗೆದುಕೊಂಡೆವು. ಬೇರೆ ರಾಜ್ಯಕ್ಕೆ ಹೋಗುವ ಟೀಸಿಗೆ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಅದನ್ನೂ ಮಾಡಿಸಿದೆ. ಟೀಸಿ ಕೈಗೆ ಬಂದ ದಿನವೇ ಅಲ್ಲಿಯ ಪುಸ್ತಕದಿಂದ ಅವಳ ಹೆಸರು ಹೋಯಿತು.

ಮನೆಗೆ ನೀರಿನ ಕೊಳಾಯಿ ಬರುವುದು ತಡವಾಗಿ, ಮಾಲೀಕರು ಸಿದ್ಧ ಎಂದು ಫೋನ್ ಮಾಡಿದ್ದು ಜೂನ್ 24ಕ್ಕೆ. ಮರುದಿನ ಅಮಾವಾಸ್ಯೆ. ಅದರ ಮರುದಿನ ಆಷಾಢ.

ಆಷಾಢದಲ್ಲಿ ಮನೆ ಬದಲಿಸುವುದು ಬೇಡ ಎಂದವರು ಅತ್ತೆ. ಹನ್ನೊಂದು ವರ್ಷದ ಹಿಂದೆ ಅವರ ಎರಡನೆಯ ಮಗ ಆಷಾಢದಲ್ಲಿ ಮನೆ ಬದಲಿಸಿ, ಮೂರನೆಯ ವಾರ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಆ ಕಾಲು ಇವತ್ತಿಗೂ ನೆಟ್ಟಗಿಲ್ಲ. "ನೀವು ಹೋಗ್ಲೇಬೇಕು ಅಂದ್ರೆ ಹೋಗಿ. ನಾ ಬರಲ್ಲ ಅಷ್ಟೆ," ಎಂದರು. ನಾನು ವಾದಿಸಬಹುದಿತ್ತು. ವಾದಿಸಲಿಲ್ಲ. ಒಂದು ತಿಂಗಳು ತಾನೇ ಎಂದುಕೊಂಡೆ.

ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದೆ. ಅವರು ಹೇಳಿದರು: "ನೋಡಿಮ್ಮಾ, ಜುಲೈ ಮೂವತ್ತೊಂದು ಸೋಮವಾರ ಪ್ರವೇಶ ಪುಸ್ತಕ ಮುಚ್ತೀವಿ. ಆ ಸೀಟಿಗೆ ಇನ್ನೊಬ್ಬರು ಕಾಯ್ತಿದ್ದಾರೆ. ಅಷ್ಟರೊಳಗೆ ಮಗು ಕ್ಲಾಸಲ್ಲಿ ಕೂತಿರ್ಬೇಕು, ನೀವು ನಡೆಯೋ ದೂರದಲ್ಲಿ ಇರ್ಬೇಕು. ಆಗ್ಲಿಲ್ಲ ಅಂದ್ರೆ ಒಂದನೇ ಕ್ಲಾಸಲ್ಲಿ ಜಾಗ ಇದೆ."

ತಮಿಳುನಾಡಿನಲ್ಲಿ ಆ ವರ್ಷವೇ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಗಿತ್ತು. ಒಂದನೇ ತರಗತಿಗೆ ಸೇರಿಸಿದರೆ ಎಲ್ಲರ ಜೊತೆ ಮೊದಲಿನಿಂದ ಕಲಿಯುತ್ತಾಳೆ, ಒಳ್ಳೆಯದೇ ಎಂದು ಗಂಡನ ಸಹೋದ್ಯೋಗಿಗಳು ಹೇಳಿದರು. ತಮಿಳು ಕಲಿಯುವುದರ ಬಗ್ಗೆ ನನಗೆ ತಕರಾರಿರಲಿಲ್ಲ. ಅವಳು ಒಂದನೇ ತರಗತಿಯನ್ನು ಆಗಲೇ ಓದಿ ಮುಗಿಸಿದ್ದಳು.

ಆ ಜುಲೈನಲ್ಲಿ ತುಮಕೂರಿನ ನಮ್ಮ ಬೀದಿಯ ಮಕ್ಕಳೆಲ್ಲ ಶಾಲೆಗೆ ಹೋದ ಮೇಲೆ ಮಗಳು ಜಗಲಿಯಲ್ಲಿ ಹಾಜರಿ ಆಟ ಆಡುತ್ತಿದ್ದಳು. ಹಳೆಯ ತರಗತಿಯ ಹೆಸರುಗಳನ್ನು ಒಂದೊಂದಾಗಿ ಕರೆದು, ಬೇರೆ ಬೇರೆ ದನಿಯಲ್ಲಿ ತಾನೇ "ಪ್ರೆಸೆಂಟ್ ಮಿಸ್" ಎನ್ನುವಳು. ತನ್ನ ಹೆಸರಿನ ಜಾಗ ಬಂದಾಗ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದಳು. ಅದನ್ನು ನಾನು ಎರಡು ಸಲ ಕೇಳಿದೆ. ಅತ್ತೆಯೂ ಕೇಳಿರಬೇಕು.

ಜುಲೈ 25ಕ್ಕೆ ಭೀಮನ ಅಮಾವಾಸ್ಯೆ ಮುಗಿಯಿತು. 26ರ ನಸುಕಿನಲ್ಲಿ ಹೊರಟೆವು. 26ಕ್ಕೆ ಬರುತ್ತೇವೆ ಎಂದು ಗಂಡ ವಾರದ ಹಿಂದೆಯೇ ಮಾಲೀಕರಿಗೆ ಹೇಳಿದ್ದರು, ಅವರು ಸರಿ ಎಂದಿದ್ದರು. ಮಾಲೀಕರು ಬೆಳಗ್ಗೆ ಹೋಗಿ ರಾತ್ರಿ ಬರುವ ಆಫೀಸಿನ ಮನುಷ್ಯ, ಕ್ಯಾಲೆಂಡರ್ ನೋಡುವ ಕೆಲಸ ಅವರ ತಾಯಿಯದು. ಧರ್ಮಪುರಿಯ ಮಗಳ ಮನೆಗೆ ಹೋಗಿದ್ದ ಆ ತಾಯಿ ವಾಪಸು ಬಂದದ್ದು ಹಿಂದಿನ ದಿನ.

"ಇಳಿಸ್ಬೇಡಪ್ಪಾ, ಇಳಿಸ್ಬೇಡ," ಎಂದು ಅವರು ಲಾರಿ ಚಾಲಕನಿಗೆ ಕೈ ಅಡ್ಡ ಹಿಡಿದರು. "ಇದು ಆಡಿ ಮಾಸ. ಆಡೀಲಿ ಯಾರಾದ್ರೂ ಹೊಸ ಮನೇಲಿ ಹಾಲು ಕಾಯಿಸ್ತಾರಾ?"

"ಅಮ್ಮಾ, ಆಷಾಢ ನಿನ್ನೆಗೆ ಮುಗೀತು. ಇವತ್ತು ಶ್ರಾವಣ," ಎಂದರು ಗಂಡ.

"ನಿಮ್ಗೆ ಮುಗೀತು. ನಮ್ಗೆ ಶುರುವಾಗಿ ಹತ್ತೇ ದಿನ."

ಪಕ್ಕದಲ್ಲೇ ಇದ್ದ ತಮ್ಮ ಮನೆಯೊಳಗೆ ಹೋಗಿ, ದಿನಕ್ಕೊಂದು ಹಾಳೆ ಕೀಳುವ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದುಕೊಂಡೇ ಬಂದರು. ದಪ್ಪ ಅಕ್ಷರದಲ್ಲಿ 26, ಅದರ ಕೆಳಗೆ ತಮಿಳಿನಲ್ಲಿ ಆಡಿ 10 ಎಂದಿತ್ತು. ನಾವು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ತಿಂಗಳು ಎಣಿಸುವವರು. ಅವರು ಸೂರ್ಯ ರಾಶಿ ದಾಟುವುದರಿಂದ ಎಣಿಸುವವರು. ನಮ್ಮದು ಮುಗಿಯುವ ಮೊದಲೇ ಅವರದು ಶುರುವಾಗಿತ್ತು, ಆಗಸ್ಟ್ 16ರವರೆಗೆ ಇರುತ್ತಿತ್ತು. ಶಾಲೆಯ ಶೌಚಾಲಯದವರೆಗೆ ಎಲ್ಲವನ್ನೂ ಎರಡೆರಡು ಸಲ ವಿಚಾರಿಸಿದ್ದ ನಾನು ಇದೊಂದನ್ನು ನಮ್ಮ ಮನೆಯ ಪಂಚಾಂಗ ಮಾತ್ರ ನೋಡಿ ನಂಬಿದ್ದೆ.

ನಾವು ಬರುತ್ತೇವೆಂದು ಅರ್ಧ ದಿನ ರಜೆ ಹಾಕಿದ್ದ ಮಾಲೀಕರು ತಲೆ ತಗ್ಗಿಸಿ ನಿಂತಿದ್ದರು. "ಅಮ್ಮ ಹೇಳಿದ್ರೆ ಹೇಳ್ದಂಗೆ ಸಾರ್. ತಪ್ಪಾ ನೆನಚ್ಕೋಬೇಡಿ. ಸಾಮಾನು ಬೇಕಾದ್ರೆ ಪೋರ್ಟಿಕೋದಲ್ಲಿ ಇರ್ಲಿ. ನೀವು ಮಾತ್ರ ಆಗಸ್ಟ್ ಹದಿನೇಳಕ್ಕೆ ಬನ್ನಿ."

ಅತ್ತೆ ಮುಂದೆ ಬಂದರು. "ಅಲ್ಲಮ್ಮಾ, ಮಗು ಸ್ಕೂಲಿಗೆ ಸೇರ್ಬೇಕು. ಸೋಮವಾರ ಬಿಟ್ರೆ ಸೀಟು ಹೋಗ್ತದೆ. ಅದರ ಮುಖ ನೋಡಿ."

"ಮುಖ ನೋಡೇ ಹೇಳ್ತಿರೋದಮ್ಮಾ. ಸೇರೋ ತಿಂಗಳಲ್ಲಿ ಸೇರಿದ್ರೆ ಮಗೂಗೆ ಒಳ್ಳೇದು." ಹಾಗೆಂದವರು ಅತ್ತೆಯನ್ನೇ ನೋಡಿದರು. "ಸ್ಕೂಲು ಶುರುವಾಗಿ ಎಷ್ಟು ದಿನ ಆಯ್ತು? ನೀವು ಯಾಕೆ ಇಷ್ಟು ತಡ ಮಾಡಿದ್ರಿ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಆಷಾಢ ಅಂತ," ಎಂದರು.

"ನಿಮ್ಮ ಆಷಾಢಕ್ಕೆ ಸ್ಕೂಲು ಕಾಯ್ಬೋದು, ನಮ್ಮ ಆಡಿಗೆ ಕಾಯ್ಬಾರ್ದಾ?"

ಆ ಹೆಂಗಸು ಒಳಗೆ ಹೋಗಿ ಮಗಳಿಗೆ ಒಂದು ಲೋಟ ಮಜ್ಜಿಗೆ ತಂದು, ಲಾರಿಯ ಕಿಟಕಿಯಲ್ಲಿ ಕೊಟ್ಟು, ಅವಳು ಕುಡಿಯುವವರೆಗೆ ನಿಂತು, ಲೋಟ ವಾಪಸು ತೆಗೆದುಕೊಂಡು ಹೋದರು. ಬೀಗ ತೆಗೆಯಲಿಲ್ಲ.

ಹನ್ನೊಂದೂವರೆಯಾಯಿತು. ಗಂಡನಿಗೆ ಎರಡು ಗಂಟೆಗೆ ಪಾಳಿ. ಲಾರಿ ಚಾಲಕ ಬೀಡಿ ಎಸೆದು ಹತ್ತಿರ ಬಂದ. "ಸಾರ್, ನಂಗೆ ಎರಡು ಗಂಟೆಗೆ ಅತ್ತಿಬೆಲೇಲಿ ಇನ್ನೊಂದು ಲೋಡ್ ಐತೆ. ಇಳಿಸೋದಾ, ವಾಪಸ್ ಹೊಡ್ಕೊಂಡು ಹೋಗೋದಾ, ಬಿರ್ರನೆ ಹೇಳ್ಬಿಡಿ."

ಸಾಮಾನು ಪೋರ್ಟಿಕೋದಲ್ಲಿಟ್ಟು ಮಗಳನ್ನು ಎಲ್ಲಿ ಮಲಗಿಸುವುದು? ಗಂಡನ ಕೋಣೆಯಲ್ಲಿ ನಾಲ್ವರು ಗಂಡಸರು. ಲಾಡ್ಜ್ ಒಂದನ್ನು ವಿಳಾಸವೆಂದು ಶಾಲೆಯವರು ಒಪ್ಪುವುದಿಲ್ಲ. ಇಷ್ಟನ್ನು ನಾವಿಬ್ಬರೂ ಜೋರು ದನಿಯಲ್ಲಿ ಮಾತಾಡಿದೆವು. ಬೀದಿಯ ಮನೆಗಳ ಕಿಟಕಿಗಳು ತೆರೆದವು. ಮಗಳು ಚೀಲದ ಜಿಪ್ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು. ತಿರುಗಿ ನೋಡಿದಾಗ ಅತ್ತೆ ಇರಲಿಲ್ಲ.

ಬಡಾವಣೆಯ ಹಿಂದೆ ರೇಷ್ಮೆ ಹುಳುಗಳಿಗಾಗಿ ಬೆಳೆದ ಹಿಪ್ಪುನೇರಳೆ ತೋಟ, ಅದರಾಚೆ ಹಳೆಯ ಊರು. ಬಡಾವಣೆಯ ಜಾಗವೆಲ್ಲ ಒಂದು ಕಾಲಕ್ಕೆ ಆ ಊರಿನ ಹೊಲ. ಅರ್ಧ ಗಂಟೆಯ ಮೇಲೆ ಅತ್ತೆ ತೋಟದ ಬದುವಿನಲ್ಲಿ ನಡೆದು ಬಂದರು. ಜೊತೆಗೆ ಅವರಿಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಒಬ್ಬ ಒಕ್ಕಲು ಹೆಂಗಸು, ಕೈಯಲ್ಲಿ ಸೊಪ್ಪು ಕೊಯ್ಯುವ ಕುಡುಗೋಲು. ಅತ್ತೆ ಅವರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಕೇಳಿದಾಗಲೂ ಹೇಳಲಿಲ್ಲ.

"ಏನವ್ವಾ ಇದು, ಸಂಸಾರನೆಲ್ಲ ಲಾರೀಲಿ ಮಡೀಕ್ಕೊಂಡು ಬಿಸ್ಲಾಗೆ ನಿಂತಿದ್ದೀರಲ್ಲ!" ಎಂದು ಆ ಹೆಂಗಸು ನನಗೆ ಹೇಳಿದರು. "ನಮ್ಮ ಹುಳದ ಮನೆ ಖಾಲಿ ಬಿದ್ದೈತೆ. ಮೊನ್ನೆ ಗೂಡು ಬಿಡ್ಸಿ ಮಾರ್ಕೆಟ್ಟಿಗೆ ಹಾಕುದ್ವಿ. ತಿರ್ಗ ಹುಳ ಬರೋಗಂಟ ಇರಿ. ಬಾಡ್ಗೆ ಗೀಡ್ಗೆ ಅಂತ ಬಾಯಿ ತಗೀಬ್ಯಾಡ. ಒಂದೇ ಮಾತು. ಊದ್ಬತ್ತಿ ಹಚ್ಚಂಗಿಲ್ಲ, ಸೊಳ್ಳೆ ಬತ್ತಿ ಹಚ್ಚಂಗಿಲ್ಲ. ಹೊಗೆ ಗೋಡೇಲಿ ಕುಂತ್ಕೊಂಡ್ರೆ ನಮ್ಮ ಹುಳ ಸತ್ತೋಯ್ತವೆ."

ದಿನಕ್ಕೆರಡು ಹೊತ್ತು ಊದುಬತ್ತಿ ಹಚ್ಚದೆ ಅತ್ತೆ ಬಾಯಿಗೆ ನೀರು ಹಾಕಿದ್ದನ್ನು ನಾನು ಎಂಟು ವರ್ಷದಲ್ಲಿ ನೋಡಿರಲಿಲ್ಲ. "ಹಚ್ಚಲ್ಲ," ಎಂದು ಅವರೇ ಹೇಳಿದರು.

"ಮತ್ತೆ ಅಲ್ಲಿ ಹಾಲುಕ್ಕಿಸಬೇಕಲ್ಲಮ್ಮಾ?" ಎಂದು ಗಂಡ ಕೇಳಿದರು.

"ಹುಳದ ಮನೇಲಿ ಯಾರು ಹಾಲುಕ್ಕಿಸ್ತಾರೆ? ಸುಮ್ನೆ ಲಾರಿ ತಿರುಗಿಸ್ಕೊಳಕ್ಕೆ ಹೇಳು," ಎಂದರು ಅತ್ತೆ.

ಒಕ್ಕಲು ಹೆಂಗಸೇ ಮುಂದೆ ನಿಂತು ಸಾಮಾನು ಇಳಿಸಿದರು. ಚಾಲಕ ಕೈಕಟ್ಟಿ ನೋಡುತ್ತಿದ್ದ. "ಏನ್ಲಾ ಡ್ರೈವರಪ್ಪ, ಎಲ್ಡು ಗಂಟೆಗೆ ಲೋಡು ಅಂತೀಯ, ಕೈ ಮಾತ್ರ ಕಂಕ್ಳಿಂದ ಈಚೆಗೆ ಬರಾಕಿಲ್ವಲ್ಲಾ? ಆ ಬೀರು ಹಿಡ್ಕಳ್ಳಾ!" ಅವನು ನಗುತ್ತಾ ಹಿಡಿದುಕೊಂಡ. ಒಂದೂಕಾಲಿಗೆ ಲಾರಿ ಹೋಯಿತು. ಗಂಡ ಊಟ ಮಾಡದೆ ಪಾಳಿಗೆ ಹೋದರು.

ಹುಳದ ಮನೆ ಉದ್ದನೆಯ ಒಂದೇ ಕೋಣೆ. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ನೆಲಕ್ಕೆ ಸುಣ್ಣ ಮತ್ತು ಬ್ಲೀಚಿಂಗ್ ಪೌಡರಿನ ವಾಸನೆ. ಕಿಟಕಿಗಳಿಗೆ ನೊಣ ಬರದಂತೆ ಬಲೆ.

ಮರುದಿನ, ಗುರುವಾರ ಎಂಟು ಗಂಟೆಗೆ, ಟೀಸಿ, ಜನನ ಪತ್ರ, ಬಾಡಿಗೆ ಕರಾರು ಪತ್ರ ಹಿಡಿದು ಮಗಳ ಜೊತೆ ಶಾಲೆಗೆ ಹೋದೆ. ಹೊರಡುವಾಗ ಗಂಡ ಹೇಳಿದ್ದರು: "ಆ ಮನೇಲೇ ಇದೀವಿ ಅನ್ನು. ಮೂರು ವಾರದ ಮಾತು. ಆರು ಮನೆ ಆಚೆ, ಯಾರು ಬಂದು ನೋಡ್ತಾರೆ?"

ಮುಖ್ಯೋಪಾಧ್ಯಾಯಿನಿ ಟೀಸಿಯ ಹಿಂಬದಿಯ ರುಜು ನೋಡಿದರು, ಕರಾರು ಪತ್ರ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. "ಇದೇ ಅಲ್ವಾ ಈಗ ನೀವಿರೋ ಮನೆ?"

ಮಗಳು ನನ್ನ ಮುಖ ನೋಡಿದಳು.

"ಅಲ್ಲ," ಎಂದೆ. ಆಗಿದ್ದನ್ನು ಹೇಳಿದೆ. ಯಾರನ್ನೂ ದೂರಲಿಲ್ಲ, ದಿನಾಂಕಗಳನ್ನು ಮಾತ್ರ ಕೊಟ್ಟೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಹಳೇ ಊರು ನಮ್ಮ ಮಿತಿಯ ಆಚೆಗಾಗುತ್ತೆ ಅನ್ಸುತ್ತೆ. ಒಂದನೇ ಕ್ಲಾಸಿಗೆ ಆದ್ರೆ ನಿಧಾನವಾಗಿ ಬಂದ್ರೂ ನಡೆಯುತ್ತೆ, ನಾನು ಆಗ್ಲೇ ಹೇಳಿದ್ದೆ."

"ಅವಳು ಒಂದನೇ ಕ್ಲಾಸು ಮುಗಿಸಿದ್ದಾಳೆ ಮೇಡಂ."

"ಹೊರಗೆ ಇನ್ನೊಂದು ಮಗುವಿನ ಅಪ್ಪ ಕೂತಿದ್ದಾರೆ. ಅವರ ಮಗೂನೂ ಮುಗಿಸಿದೆ."

ಬಾಗಿಲ ಸಂದಿಯಲ್ಲಿ ಅವರು ಕಾಣುತ್ತಿದ್ದರು. ಗರಿಗರಿಯಾಗಿ ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ನನ್ನದೂ ಅಂಥದೇ ಫೈಲು.

ಮುಖ್ಯೋಪಾಧ್ಯಾಯಿನಿ ಗಂಟೆ ಒತ್ತಿ ಆಯಾಳನ್ನು ಕರೆದರು. ಹೊಸ ಮಗುವಿನ ಮನೆಯವರೆಗೆ ಆಯಾ ಒಮ್ಮೆ ನಡೆದು ನೋಡಿ ಬರುವುದು ಆ ಶಾಲೆಯ ಕ್ರಮ ಎಂದು ನನಗೆ ಆಗ ತಿಳಿಯಿತು. ಮಗಳ ಕೈ ಹಿಡಿದುಕೊಂಡು ಆಯಾ ಹೊರಟಳು. ನಾನು ಬರಬಾರದು ಎಂದರು. ಗೋಡೆಯ ಗಡಿಯಾರದಲ್ಲಿ ಎಂಟು ಇಪ್ಪತ್ತೆರಡು. ಅವರು ವಾಪಸು ಬಂದಾಗ ಎಂಟು ಐವತ್ತು. ಮಗಳ ಬೂಟಿಗೆ ತೋಟದ ಕೆಂಪು ಮಣ್ಣು ಮೆತ್ತಿತ್ತು.

"ಹದ್ನಾಲ್ಕು ನಿಮ್ಸ ಮೇಡಂ," ಎಂದಳು ಆಯಾ. "ಹಳೇ ಊರಾಗೆ ನಾನಿರೋ ಬೀದೀನೇ, ನಮ್ಮನೆಯಿಂದ ಎಲ್ಡು ಮನೆ ಆಚ್ಗೆ. ಎತ್ಕೋ ಅನ್ಲಿಲ್ಲ, ನಡ್ಕೊಂಡೇ ಬಂತು. ದಾರಿಯುದ್ದಕ್ಕೂ ನಂಗೇ ಮಗ್ಗಿ ಕೇಳ್ತು. ಏಳನೇದ್ರಾಗೆ ನಾನು ಫೇಲ್."

ಮುಖ್ಯೋಪಾಧ್ಯಾಯಿನಿ ನಗಲಿಲ್ಲ. ಮಗಳ ಬೂಟು ನೋಡಿದರು. ಮೇಜಿನ ಡ್ರಾಯರ್ ಎಳೆದು ಪೆನ್ಸಿಲ್ ತೆಗೆದರು.

"ಪೆನ್ಸಿಲಲ್ಲಿ ಬರೀತೀನಿ. ಇವತ್ತಿಂದ ಕೂರಲಿ. ಆಗಸ್ಟ್ ಹದಿನೇಳಕ್ಕೆ ಕರಾರಿನಲ್ಲಿರೋ ಮನೆಗೆ ಬಂದಿದ್ರೆ ಇಂಕು. ಅವತ್ತು ಬಂದಿಲ್ಲ ಅಂದ್ರೆ ಹದಿನೆಂಟಕ್ಕೆ ರಬ್ಬರ್. ಹೊರಗಿರೋರಿಗೂ ಇದನ್ನೇ ಹೇಳ್ತೀನಿ."

ಹೊರಗಿದ್ದವರಿಗೆ ಅವರು ಅದನ್ನೇ ಹೇಳಿದರು. ಆ ಮನುಷ್ಯ ಫೈಲು ಮುಚ್ಚಿ, ನನಗೆ ತಲೆಬಾಗಿ, ಹದಿನೆಂಟಕ್ಕೆ ಬರುತ್ತೇನೆ ಎಂದು ಹೇಳಿ ಹೋದರು.

ಸಂಜೆ ಮಗಳು ಹೇಳಿದಳು: "ಮಿಸ್ ನನ್ನ ಹೆಸರು ಎಲ್ಲಾರಾದ್ಮೇಲೆ ಕರೆದ್ರು." ಅತ್ತೆ ಕೇಳಿದರು, "ನೀನು ಏನಂದೆ?" "ಪ್ರೆಸೆಂಟ್ ಅಂದೆ, ಇನ್ನೇನಂತಾರೆ ಅಜ್ಜಿ?"

ಮಾಲೀಕರ ತಾಯಿ ದಾರಿಯಲ್ಲಿ ಸಿಕ್ಕಾಗಲೆಲ್ಲ ಮಗಳ ಕೆನ್ನೆ ಮುಟ್ಟಿ, ಇನ್ನೆಷ್ಟು ದಿನ ಎಂದು ಬೆರಳಿನಲ್ಲಿ ಎಣಿಸಿ ತೋರಿಸುತ್ತಿದ್ದರು. ಆಗಸ್ಟ್ 12ಕ್ಕೆ ಮರಿ ಹುಳುಗಳು ಬಂದವು. ಒಕ್ಕಲು ಮನೆಯವರು ಹುಳದ ಮನೆ ತೊಳೆದು ಬಾಗಿಲು ಹಾಕಿಕೊಂಡರು. ನಾವು ಅವರ ಜಗಲಿಗೆ ಬಂದೆವು. ಮಳೆ ಬಂದಾಗ ಹಾಸಿಗೆಯನ್ನು ಗೋಡೆಯ ಕಡೆಗೆ ಎಳೆದುಕೊಂಡೆವು.

ಆ ಸಂಜೆ ಅತ್ತೆ ಟ್ರಂಕಿನಿಂದ ಪಂಚಾಂಗ ತೆಗೆದರು. ಬೆರಳಿಟ್ಟು ಒಂದು ಸಾಲು ಓದಿದರು, ಮತ್ತೆ ಓದಿದರು. ಅವರು ಎದ್ದುಹೋದ ಮೇಲೆ ನಾನು ಆ ಪುಟ ನೋಡಿದೆ. ಹದಿನೇಳು, ಗುರುವಾರ, ನವಮಿ. ನಮ್ಮ ಮನೆಯಲ್ಲಿ ನವಮಿಯ ದಿನ ಪಕ್ಕದೂರಿಗೂ ಹೊರಡುವುದಿಲ್ಲ. ಗಂಡನಿಗೆ ತೋರಿಸಿದೆ. "ಅಮ್ಮ ಏನಾದ್ರೂ ಅಂದ್ರಾ?" ಎಂದರು. ಇಲ್ಲ ಎಂದೆ. ಭಾನುವಾರ ಏನಾದರೂ ಹೇಳುತ್ತಾರೆ ಎಂದು ಕಾದೆವು. ಸೋಮವಾರ ಕಾದೆವು. ಬುಧವಾರ ರಾತ್ರಿ ಊಟಕ್ಕೆ ಕುಳಿತಾಗ ಅವರು ಬಾಯಿ ತೆರೆದರು, ಉಪ್ಪು ಕೇಳಿದರು.

ಆಗಸ್ಟ್ 17, ಗುರುವಾರ ಬೆಳಗ್ಗೆ ನಾನು ಎದ್ದಾಗ ಅತ್ತೆ ಸ್ನಾನ ಮಾಡಿ, ಒಕ್ಕಲು ಮನೆಯ ಹಸುವಿನ ಹಾಲನ್ನು ಚೊಂಬಿನಲ್ಲಿ ಹಿಡಿದುಕೊಂಡು ಬದುವಿನ ಹತ್ತಿರ ನಿಂತಿದ್ದರು. ಆರೂವರೆಗೆ ಮಾಲೀಕರ ತಾಯಿ ಬೀಗ ತೆಗೆದರು. ಅತ್ತೆ ಬಲಗಾಲಿಟ್ಟು ಒಳಗೆ ಹೋಗಿ ಒಲೆ ಹಚ್ಚಿದರು. ಹಾಲು ಪೂರ್ವದ ಕಡೆಗೆ ಉಕ್ಕಿತು. ಮಾಲೀಕರ ತಾಯಿ ಒಳ್ಳೆಯದಾಯಿತು ಎಂದರು. ಅತ್ತೆ ಮೂರು ವಾರದ ನಂತರ ಮೊದಲ ಊದುಬತ್ತಿ ಹಚ್ಚಿದರು.

ಎಂಟೂವರೆಗೆ ಆಯಾ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದಳು. ಅಂದು ಮಧ್ಯಾಹ್ನ ಪ್ರವೇಶ ಪುಸ್ತಕದಲ್ಲಿ ಪೆನ್ಸಿಲ್ ಗೆರೆಯ ಮೇಲೆ ಇಂಕಿನಲ್ಲಿ ಬರೆದರು. ಇನ್ನೊಂದು ಮಗುವಿನ ತಂದೆ ಹದಿನೆಂಟಕ್ಕೆ ಬಂದರು, ವಿಷಯ ಕೇಳಿ ವಾಪಸು ಹೋದರು. ಆ ಮಗುವಿಗೆ ನವೆಂಬರಿನಲ್ಲಿ ಅದೇ ತರಗತಿಯಲ್ಲಿ ಸೀಟು ಸಿಕ್ಕಿತು. ಆ ವರ್ಷದ ಕೊನೆಯ ತನಕ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು.

2009ರ ಜೂನ್‌ನಲ್ಲಿ ಮಗಳು ಅದೇ ಶಾಲೆಯಲ್ಲಿ ಐದನೇ ತರಗತಿಗೆ ಹೋದಳು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಈಗ ಎರಡು ಕ್ಯಾಲೆಂಡರ್ ಇವೆ. ತಮಿಳಿನದನ್ನು ಪ್ರತಿ ಹೊಸ ವರ್ಷಕ್ಕೆ ಮಾಲೀಕರ ತಾಯಿ ತಂದುಕೊಡುತ್ತಾರೆ, ದಿನದ ಹಾಳೆ ಕೀಳುವವರು ಅತ್ತೆ.